ಆರು ಜನ ಸೂಪರ್‌ವೈಸರ್‌ಗಳು

ಜೂನ್ ೩

ಮಗಳೇ,

ಫೋನು ಮಾಡುವುದು ಬಿಟ್ಟು ಅಮ್ಮ ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ‘ಮೀಟಿಂಗ್ ಇದೆ ಅಮ್ಮಾ’ ಅಂತ ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ಬಯ್ದದ್ದನ್ನು ಪೂರ್ತಿ ಬಯ್ಯಿಸಿಕೊಳ್ಳಬೇಕು.

ನಿಮ್ಮಪ್ಪ ಹಾಗೇ ಇದ್ದಾರೆ. ಲಕ್ವ ಹೊಡೆದ ಬಲಗಾಲು ಸ್ವಲ್ಪ ಹೇಳಿದ ಮಾತು ಕೇಳುತ್ತಿದೆ, ಬಾಯಿ ಕೇಳುತ್ತಿಲ್ಲ. ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಗಂಟಲು ಅದು! ಇವರು ಕೂಗಿದರೆ ಆಚೆ ಬೀದಿಯವರಿಗೆ ಟೊಮೇಟೊ ರೇಟು ಗೊತ್ತಾಗುತ್ತಿತ್ತು. ಈಗ ‘ನೀರು’ ಅನ್ನುವಷ್ಟರಲ್ಲಿ ಹಣೆ ಬೆವರುತ್ತದೆ. ಹೇಳಬೇಕಾದದ್ದೆಲ್ಲ ಒಳಗೇ ಇದೆ, ಕಣ್ಣಲ್ಲಿ ಕಾಣುತ್ತದೆ. ಹೊರಗೆ ಬರುವುದಿಲ್ಲ ಅಷ್ಟೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. “ಏನಮ್ಮಾ, ದಿನಾ ಸಂಜೆ ಇವರನ್ನ ಕೂರಿಸ್ಕೊಂಡು ಮಾತಾಡಿಸಿ ಅಂದಿದ್ನಲ್ಲ, ಮಾಡ್ತಿದ್ದೀರಾ? ಮೊದಲನೇ ವರ್ಷದಲ್ಲಿ ಬಂದಷ್ಟು ಮಾತು ಬಂತು. ಆಮೇಲೆ ನನ್ನ ಬಯ್ಬೇಡಿ.” ಏನು ಹೇಳಲಿ ಅವಳಿಗೆ? ಮಾತ್ರೆಯ ಮಂಪರಿಗೆ ಇವರು ಎಂಟು ಗಂಟೆಗೆಲ್ಲ ಮಲಗಿಬಿಡುತ್ತಾರೆ. ನಾನು ಲಾಂಡ್ರಿಯಿಂದ ಬರುವುದು ಅದಾದ ಮೇಲೆ. ಐದು ಗಂಟೆಗೆ ಕೆಲಸ ಮುಗಿಯಬೇಕು. ಆದರೆ ಸರಿಯಾಗಿ ಐದಕ್ಕೇ ಲಾಡ್ಜುಗಳ ವ್ಯಾನು ಬರುತ್ತದೆ, ನಮ್ಮ ಗಂಜಿ ಅಂಗಿ ಬಾಗಿಲಲ್ಲಿ ನಿಂತು “ಇನ್ನೊಂದೇ ಟ್ರಾಲಿ ಅಮ್ಮಾ” ಅನ್ನುತ್ತಾನೆ. ಗಂಜಿ ಅಂಗಿ ಅಂದರೆ ಮಾಲೀಕ. ನೀನು ಚಿಕ್ಕವಳಿದ್ದಾಗ ಇಟ್ಟ ಹೆಸರೇ ಈಗಲೂ ನಡೆಯುತ್ತಿದೆ. ಅವನ ಆ ಒಂದು ಟ್ರಾಲಿಯಲ್ಲಿ ಊರಿನ ಹೊದಿಕೆಗಳೆಲ್ಲ ಹಿಡಿಸುತ್ತವೆ.

ಹೆಚ್ಚು ಹೊತ್ತು ದುಡಿದದ್ದಕ್ಕೆ ಓಟಿ ದುಡ್ಡು ಕೇಳಿದರೆ, “ನೀವು ತಿಂಗಳ ಸಂಬಳದವ್ರು, ನಿಮಗೆ ಓಟಿ ಬರಲ್ಲ” ಅಂತ ಅದೇ ರಾಗ. ಆದರೆ ಈಗ ಹೊಸ ನಿಯಮ ಬರುತ್ತದಂತೆ, ತಿಂಗಳ ಸಂಬಳದವರಿಗೂ ಓಟಿ ಕೊಡಬೇಕಂತೆ, ಅದೂ ದುಪ್ಪಟ್ಟು. ನಿನ್ನ ಕಚೇರಿಯದ್ದು ಇದೇ ಕೆಲಸವಲ್ಲವೇ? ನಿಜವೋ ಗಾಳಿಮಾತೋ, ಹೇಳು. ನಿಜ ಹೇಳಲಾ? ನನಗೆ ದುಡ್ಡಿನ ಆಸೆಯೂ ಅಷ್ಟಿಲ್ಲ. ದುಪ್ಪಟ್ಟು ಕೊಡಬೇಕೆಂದರೆ ಆ ಜಿಪುಣ ಐದು ಗಂಟೆಗೆ ನಮ್ಮನ್ನು ಕತ್ತು ಹಿಡಿದು ಮನೆಗೆ ದಬ್ಬುತ್ತಾನೆ. ಹಾಗೆ ದಬ್ಬಿಸಿಕೊಳ್ಳುವ ಆಸೆ ನನಗೆ.

ನಿನ್ನ ಅಮ್ಮ


ಜೂನ್ ೧೪

ಅಮ್ಮಾ,

ನಿಜ. ಆಗಸ್ಟ್ ಒಂದರಿಂದ ಜಾರಿ. ಸಂಬಳ ದಿನದ್ದೋ ತಿಂಗಳದ್ದೋ ಅನ್ನುವುದು ಇನ್ನು ಮುಖ್ಯವಲ್ಲ. ಹೊತ್ತು ಮೀರಿ ದುಡಿಸಿಕೊಂಡರೆ ದುಪ್ಪಟ್ಟು ಕೊಡಬೇಕು. ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ ಓಟಿ ಇಲ್ಲ. ಅಂದರೆ ಕೈಕೆಳಗೆ ಕನಿಷ್ಠ ಇಬ್ಬರಿದ್ದು, ಅವರ ರಜೆ, ಹೊತ್ತು, ಕೆಲಸ ಎಲ್ಲವನ್ನೂ ತೀರ್ಮಾನಿಸುವ ಅಧಿಕಾರ ಇರುವವರು. ನೀನು ಇಸ್ತ್ರಿ ಮಾಡುವವಳು. ನಿನಗೆ ಬರುತ್ತದೆ.

ನಮ್ಮ ಕಚೇರಿಯಲ್ಲಿ ಈಗ ಉಸಿರಾಡಲು ಬಿಡುವಿಲ್ಲ. ಮಾಲೀಕರಿಂದ ದುಡ್ಡು ಪಡೆದು, ನಿಯಮ ಬರುವ ಮೊದಲೇ ಅವರನ್ನು ಸಿದ್ಧಪಡಿಸುವುದು ನಮ್ಮ ಕೆಲಸ. ಊರೂರಿಗೆ ಹೋಗಿ, ಸಭಾಂಗಣದಲ್ಲಿ ನಿಂತು, ಯಾರಿಗೆ ಓಟಿ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬಿಡಿಸಿ ಹೇಳುವುದು. ಕಾರಿನಲ್ಲಿ ಕರೆದೊಯ್ದು ಕಾರಿನಲ್ಲೇ ವಾಪಸು ತರುತ್ತಾರೆ. ಎಷ್ಟೋ ಊರುಗಳಲ್ಲಿ ಸಭಾಂಗಣ ಬಿಟ್ಟು ಇನ್ನೇನನ್ನೂ ನಾನು ನೋಡಿಲ್ಲ.

ನಿನ್ನ ಸಂಜೆಗಳು ನಿನಗೆ ಸಿಗುತ್ತವೆ ಅಮ್ಮಾ. ಇನ್ನು ಸ್ವಲ್ಪ ದಿನ. ಅಪ್ಪನಿಗೆ ಹೇಳು.

ನಿನ್ನ ಮಗಳು


ಜುಲೈ ೯

ಮಗಳೇ,

ನಿನ್ನ ಕಾಗದವನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ವಾಷಿಂಗ್ ಮಿಷನ್ ನೋಡಿಕೊಳ್ಳುವ ಮಿಷನ್ನಣ್ಣ ಅಷ್ಟೂ ಹಲ್ಲು ಬಿಟ್ಟ. ಬಟ್ಟೆ ಮಡಿಸುವ ಜಡ್ಜಮ್ಮ ಮಾತ್ರ ನಂಬಲಿಲ್ಲ. ಅವಳ ಸ್ವಭಾವವೇ ಹಾಗೆ. ಚಾದರದ ಮೇಲೆ ಒಂದು ಕಲೆ ಕಂಡರೂ ಕಾಫಿಯದೋ ಔಷಧಿಯದೋ ಅಂತ ವಿಚಾರಣೆ ಮಾಡಿ ತೀರ್ಪು ಕೊಟ್ಟೇ ಮುಂದಿನ ಬಟ್ಟೆಗೆ ಕೈ ಹಾಕುತ್ತಾಳೆ. “ಕೈಗೆ ಬಂದ ಮೇಲೆ ನೋಡೋಣ” ಅಂದಳು.

ಹೋದ ಗುರುವಾರ ಇಲ್ಲಿಯೂ ಮಾಲೀಕರ ಸಭೆ ಆಯಿತು, ಬಸ್‌ಸ್ಟ್ಯಾಂಡಿನ ಎದುರಿನ ಸಭಾಂಗಣದಲ್ಲಿ. ಗಂಜಿ ಅಂಗಿ ಮಧ್ಯಾಹ್ನವೇ ಸೆಂಟು ಪೂಸಿಕೊಂಡು ಹೊರಟ. “ನಾನು ಬರೋವರೆಗೆ ಯಾರೂ ಹೋಗೋ ಹಾಗಿಲ್ಲ, ಇನ್ನೊಂದೇ ಟ್ರಾಲಿ” ಅಂದ. ಓಟಿ ಬಗ್ಗೆ ತಿಳಿದುಕೊಳ್ಳಲು ಅವನು ಹೋದದ್ದು, ಆ ಹೊತ್ತಿಗೆ ಬಿಟ್ಟಿ ಓಟಿ ಮಾಡಿದ್ದು ನಾವು. ನಗುತ್ತೀಯೋ ಅಳುತ್ತೀಯೋ ನೋಡು. ಕತ್ತಲಾದ ಮೇಲೆ ಶಿಳ್ಳೆ ಹಾಕಿಕೊಂಡು ಬಂದ. ಮಾಲೀಕ ಶಿಳ್ಳೆ ಹಾಕಿದರೆ ನನಗೆ ಭಯವಾಗುತ್ತದೆ.

ಅವತ್ತೇ ಮನೆಯಲ್ಲೂ ಒಂದು ವಿಚಿತ್ರ ನಡೆಯಿತು. ನಾನು ಬಂದಾಗ ನಿಮ್ಮಪ್ಪ ಮಲಗಿರಲಿಲ್ಲ! ದೀಪ ಉರಿಯುತ್ತಿತ್ತು. ಮೈಮೇಲೆ ಒಗೆದ ಅಂಗಿ, ಬಾಚಿದ ತಲೆ. ಪಕ್ಕದ ಮನೆಯವಳ ಕೆಲಸವೇ ಇರಬೇಕು, ಪುಣ್ಯಾತ್ಗಿತ್ತಿ. ಬಾಗಿಲಿಗೆ ಬೀಗ ಹಾಕದೆ ಹೋಗುವುದೇ ಅವಳು ಇಣುಕಿ ನೋಡಲಿ ಅಂತ. ನಾನು ಕೇಳಲು ಹೋಗಲಿಲ್ಲ. ಕೇಳಿದರೆ ಉಪಕಾರ ಲೆಕ್ಕಕ್ಕೆ ಬಂದುಬಿಡುತ್ತದೆ, ಆಮೇಲೆ ಮಾಡುವುದಿಲ್ಲ. ನಿಮ್ಮಪ್ಪ ಬಾಗಿಲ ಪಕ್ಕದ ಬೆತ್ತದ ಕುರ್ಚಿಯನ್ನು ತಟ್ಟಿ ತಟ್ಟಿ “ಬ… ಬ…” ಅಂದರು. ‘ಬಾ, ಕೂತ್ಕೋ’ ಅನ್ನುತ್ತಿದ್ದಾರೆ ಅಂತ ಕೂತೆ. ಅಯ್ಯೋ, ಬಂದ ಸಿಟ್ಟೇ! ನನ್ನ ತೋಳು ಹಿಡಿದು ಎಬ್ಬಿಸಿದರು. ಮತ್ತೆ ತಟ್ಟಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ದಿನಾ ಇದೇ ನಡೆದಿದೆ. ಆ ಕುರ್ಚಿಯ ಹತ್ತಿರ ನನ್ನನ್ನು ಸುಳಿಯಲು ಬಿಡುತ್ತಿಲ್ಲ. ಏನು ಕಾಣುತ್ತದೋ ಅವರಿಗೆ ಅದರಲ್ಲಿ.

ಒಂದು ಗಂಟೆ ಎದುರು ಕೂತು ಕೇಳಿದರೆ ಬಿಡಿಸಿಕೊಳ್ಳಬಹುದೇನೋ. ಆ ಒಂದು ಗಂಟೆಗೇ ಆಗಸ್ಟ್ ಬರಲಿ ಅಂತ ಕಾಯುತ್ತಿದ್ದೇನೆ.

ಅಮ್ಮ


ಆಗಸ್ಟ್ ೪

ಸಲಹೆಗಾರ್ತಿಯವರಿಗೆ,

ನನಗೆ ಬಡ್ತಿ ಸಿಕ್ಕಿದೆ. ನಾನೀಗ ಸೂಪರ್‌ವೈಸರ್. ಎದೆಯ ಮೇಲೆ ನೀಲಿ ಬಿಲ್ಲೆ ಇದೆ. ಇಸ್ತ್ರಿ ಮೇಜಿನ ಆಚೆ ಬದಿಯವಳೂ ಸೂಪರ್‌ವೈಸರ್. ಜಡ್ಜಮ್ಮ ಸೂಪರ್‌ವೈಸರ್, ಅವಳ ಜೊತೆ ಮಡಿಸುವವಳೂ ಸೂಪರ್‌ವೈಸರ್. ಮಿಷನ್ನಣ್ಣ ಸೂಪರ್‌ವೈಸರ್, ಅವನ ಜೊತೆಗಾರನೂ ಸೂಪರ್‌ವೈಸರ್. ಲಾಂಡ್ರಿಯಲ್ಲಿ ದುಡಿಯುವವರು ಆರು ಜನ, ಆರೂ ಜನ ಸೂಪರ್‌ವೈಸರ್‌ಗಳು. ಕೆಲಸದವರೇ ಇಲ್ಲ! ಬಹುಶಃ ಬಟ್ಟೆಗಳು ತಾವೇ ಒಗೆದುಕೊಳ್ಳುತ್ತವೆ.

ಹೇಗೆ ಅನ್ನುತ್ತೀಯಾ? ಇಸ್ತ್ರಿಯವರಾದ ನಾವಿಬ್ಬರು ಮಡಿಸುವ ಇಬ್ಬರ ಮೇಲೆ. ಮಡಿಸುವ ಇಬ್ಬರು ಒಗೆಯುವ ಇಬ್ಬರ ಮೇಲೆ. ಒಗೆಯುವ ಇಬ್ಬರು ಇಸ್ತ್ರಿಯ ನಮ್ಮಿಬ್ಬರ ಮೇಲೆ. ಜಾತ್ರೆಯ ತಿರುಗುವ ತೊಟ್ಟಿಲ ಹಾಗೆ, ಎಲ್ಲರೂ ಎಲ್ಲರಿಗಿಂತ ಮೇಲೆ. ಪ್ರತಿಯೊಬ್ಬರ ಕೈಕೆಳಗೂ ಇಬ್ಬರಿದ್ದಾರೆ, ಆದ್ದರಿಂದ ಯಾರಿಗೂ ಓಟಿ ಇಲ್ಲ. ಗೋಡೆಯ ಮೇಲೆ ದೊಡ್ಡ ಬೋರ್ಡು ಬೇರೆ: ‘ತಮ್ಮ ಕೈಕೆಳಗಿನವರಿಗೆ ರಜೆ ಕೊಡುವ, ಕೆಲಸದ ಹೊತ್ತು ನಿಗದಿ ಮಾಡುವ, ಮನೆಗೆ ಕಳಿಸುವ ಪೂರ್ಣ ಅಧಿಕಾರ ಸೂಪರ್‌ವೈಸರ್‌ಗಳಿಗೆ ಇರುತ್ತದೆ.’ ಲೇಬರ್ ಇನ್‌ಸ್ಪೆಕ್ಟರ್ ಬಂದರೆ ತೋರಿಸಲಿಕ್ಕೆ. ಗಂಜಿ ಅಂಗಿ ಬಿಲ್ಲೆ ಹಂಚಿ, ಚಪ್ಪಾಳೆ ತಟ್ಟಿಸಿ, “ಎಲ್ಲರಿಗೂ ಅಭಿನಂದನೆ. ಇವತ್ತು ಇನ್ನೊಂದೇ ಟ್ರಾಲಿ” ಅಂದ. ನನ್ನ ಮೈಯೆಲ್ಲ ಉರಿದುಹೋಯಿತು.

“ಇದೆಂಥ ಮೋಸ?” ಅಂದೆ. ಅವನು ನಗುತ್ತಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಓದು. “ಮೋಸ ಅಲ್ಲಮ್ಮ, ಕಾನೂನು. ಸಭೇಲಿ ಒಬ್ಬಳು ಮೇಡಂ ಬಂದಿದ್ಲು, ಏನು ಚುರುಕು ಅಂತೀರಾ! ಅವಳೇ ಉದಾಹರಣೆ ಕೊಟ್ಲು. ಒಬ್ಬ ಇಸ್ತ್ರಿ ಹೆಂಗಸು ಇದ್ದಾಳೆ ಅಂತ ಇಟ್ಕೊಳ್ಳಿ. ಬಲಗೈಲಿ ಇಸ್ತ್ರಿ, ಎಡಗೈಲಿ ನೀರು ಚಿಮುಕಿಸ್ತಾಳೆ, ಹೊಸಬಳು ತಪ್ಪು ಮಡಿಸಿದ್ರೆ ಕಾಲಲ್ಲೇ ಟ್ರಾಲಿ ತಡೆದು ನಿಲ್ಲಿಸ್ತಾಳೆ. ಇವಳು ಬರೀ ಕೆಲಸದವಳಾ, ಮೇಲ್ವಿಚಾರಕಿಯಾ? ನೋಡಬೇಕಾದ್ದು ಅಲ್ಲೇ, ಅಂದ್ಲು.”

ಕಾಲಲ್ಲಿ ಟ್ರಾಲಿ ತಡೆಯುವವಳು ಈ ಊರಿನಲ್ಲಿ ಒಬ್ಬಳೇ. ಅವಳನ್ನು ನೋಡುತ್ತಾ ಬಟ್ಟೆ ಮೂಟೆಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳೂ ಒಬ್ಬಳೇ.

ನನ್ನನ್ನು ಉದಾಹರಣೆ ಮಾಡಿ ಮಾರಿದೆಯಲ್ಲ, ಅದನ್ನು ಬೇಕಾದರೆ ನುಂಗಿಕೊಳ್ಳುತ್ತೇನೆ. ಹೊಟ್ಟೆಪಾಡು, ಎಲ್ಲರೂ ಏನಾದರೂ ಮಾರುತ್ತಾರೆ. ಆದರೆ ನೀನು ಈ ಊರಿಗೆ ಬಂದೆ. ನಮ್ಮ ಬೀದಿಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಿಂತು ಮಾಲೀಕರಿಗೆಲ್ಲ ಪಾಠ ಹೇಳಿದೆ. ಮಾತು ಕಳೆದುಕೊಂಡು ಕೂತಿರುವ ಅಪ್ಪನ ಮುಖ ನೋಡದೆ ಕಾರು ಹತ್ತಿ ಹೋದೆ. ಥೂ, ನಾನು ಹೆತ್ತವಳೇ ಇವಳು ಅಂತ ಅನ್ನಿಸಿತು. ಬರೆಯಬಾರದಿತ್ತು, ಬರೆದೆ. ಹೊಡೆದು ಹಾಕುವುದಿಲ್ಲ.

ಇಂತಿ,
ಸೂಪರ್‌ವೈಸರ್, ಇಸ್ತ್ರಿ ವಿಭಾಗ


ಆಗಸ್ಟ್ ೧೫

ಅಮ್ಮಾ,

ನಾನು ಹೇಳಿದ್ದರ ಅರ್ಧವನ್ನು ಮಾತ್ರ ಅವನು ಮನೆಗೆ ಒಯ್ದಿದ್ದಾನೆ. ಉದಾಹರಣೆ ಕೊಟ್ಟದ್ದು ನಿಜ. ಆದರೆ ಕೊನೆಗೆ ಹೇಳಿದ್ದು, “ಇವಳು ಮೇಲ್ವಿಚಾರಕಿ ಅಲ್ಲ. ಯಾಕಂದ್ರೆ ಆ ಹೊಸಬಳನ್ನ ಮನೆಗೆ ಕಳಿಸೋ ಅಧಿಕಾರ ಇವಳಿಗಿಲ್ಲ. ಬರೀ ಹೆಸರು ಕೊಟ್ರೆ ಸಾಲದು, ಅಧಿಕಾರ ನಿಜವಾಗಿ ಕೊಡಬೇಕು. ಇಲ್ಲಾಂದ್ರೆ ಇವಳಿಗೆ ಓಟಿ ಕೊಡ್ಬೇಕು” ಎಂದು. ನಿನಗೆ ಓಟಿ ಕೊಡಲೇಬೇಕು ಎಂದು ಅಷ್ಟೂ ಜನರ ಎದುರು ಹೇಳಿ ಬಂದೆ. ಅವರಿಗೆ ಕೇಳಿಸಿದ್ದು ಇನ್ನೊಂದು. ಬಾಗಿಲು ಇಲ್ಲಿದೆ, ಇಲ್ಲಿಂದ ನುಗ್ಗಬೇಡಿ ಎಂದರೆ, ಓ ಬಾಗಿಲು ಅಲ್ಲಿದೆಯಾ ಎನ್ನುವ ಜನ. ಆರು ಜನಕ್ಕೆ ಆರು ಬಿಲ್ಲೆ! ಓದಿ ನನಗೂ ರಕ್ತ ಕುದಿಯಿತು. ನಮ್ಮ ದೊಡ್ಡ ಸಾಹೇಬರಿಗೆ ಹೇಳಿದರೆ ಅವರು ಮೆಚ್ಚಿಕೊಂಡರು, “ಪರವಾಗಿಲ್ವೇ, ಬುದ್ಧಿವಂತ” ಎಂದು. ಎದ್ದು ಹೊರಗೆ ಬಂದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಇನ್ನು ಅಪ್ಪನ ಮುಖ ನೋಡದೆ ಹೋದೆ ಅಂತ ಬಯ್ದೆಯಲ್ಲ. ಬಯ್ದುಕೋ.

ದೀಪದ ಸ್ವಿಚ್ಚು ತುಂಬ ಮೇಲಿದೆ. ಅಪ್ಪ ಕೂತಲ್ಲಿಂದ ಎಡಗೈಗೆ ಎಟುಕುವ ಹಾಗೆ ಕೆಳಗೆ ಹಾಕಿಸು. ದಯವಿಟ್ಟು ಈ ವಾರವೇ.

ನಿನ್ನ ಮಗಳು


ಆಗಸ್ಟ್ ೩೦

ಸ್ವಿಚ್ಚು ಕೆಳಗೆ ಹಾಕಿಸಿದ್ದೇನೆ. ಎಲೆಕ್ಟ್ರಿಷಿಯನ್ ಗೋಡೆಯ ಸುಣ್ಣವನ್ನೆಲ್ಲ ಉದುರಿಸಿ ಹೋದ.

ನನ್ನ ಸಿಟ್ಟು ಇಳಿದಿಲ್ಲ.

ಅಮ್ಮ


ಅಕ್ಟೋಬರ್ ೫

ಮಗಳೇ,

ಸಿಟ್ಟು ಇನ್ನೂ ಇದೆ, ಅದು ಹಾಗೇ ಇರಲಿ. ಆದರೆ ಇದನ್ನು ನಿನಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಎರಡು ತಿಂಗಳು ಬಿಲ್ಲೆ ಹಾಕಿಕೊಂಡು ಬಿಟ್ಟಿ ದುಡಿದೆವು. ನಾವೆಲ್ಲ ಬಿಲ್ಲೆಯನ್ನು ತಮಾಷೆ ಮಾಡಿಕೊಂಡಿದ್ದೆವು, ‘ಏನ್ ಸೂಪರ್‌ವೈಸರೇ, ಸೋಪು ಕೊಡಿ’ ಅಂತ. ಜಡ್ಜಮ್ಮ ಒಬ್ಬಳು ಮಾತ್ರ ನಗುತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಾಗಿರಲಿಲ್ಲ, ಅವಳು ಅದನ್ನು ನಿಜ ಅಂತಲೇ ನಂಬಿದ್ದಳು! ದಿನಾ ಬಿಲ್ಲೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಬೋರ್ಡನ್ನು ಬೆರಳಿಟ್ಟು ಓದುತ್ತಿದ್ದಳು. ಜವಾಬ್ದಾರಿ ಬಂದಮೇಲೆ ಕೈಕೆಳಗಿನವರನ್ನು ನೋಡಿಕೊಳ್ಳಬೇಡವೇ, ಅನ್ನುವುದು ಅವಳ ಲೆಕ್ಕ.

ನಿನ್ನೆ ಐದು ಗಂಟೆಗೆ ವ್ಯಾನು ಬಂತು. ಗಂಜಿ ಅಂಗಿ ‘ಇನ್ನೊಂದೇ ಟ್ರಾಲಿ’ ಅಂದು ವಸೂಲಿಗೋ ಎಲ್ಲಿಗೋ ಹೋದ. ಮಿಷನ್ನಣ್ಣನಿಗೆ ಬೆಳಗಿನಿಂದ ಜ್ವರ. ಕಣ್ಣು ಕೆಂಡವಾಗಿದ್ದವು. ಒದ್ದೆ ಚಾದರ ಎಳೆಯುವಾಗ ಮಿಷನ್ ಬಾಗಿಲಿಗೆ ಒರಗಿಬಿಟ್ಟ. ಜಡ್ಜಮ್ಮ ಮಡಿಸುತ್ತಿದ್ದ ದಿಂಬಿನ ಚೀಲ ಕೆಳಗಿಟ್ಟಳು. ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

“ನೀನು ಮನೆಗೆ ಹೋಗು.”

“ಏನಕ್ಕಾ ತಮಾಷೆ…”

“ತಮಾಷೆ ಏನ್ ಬಂತು? ನಾನು ನಿನ್ನ ಸೂಪರ್‌ವೈಸರ್. ಮನೆಗೆ ಕಳಿಸೋ ಪೂರ್ಣ ಅಧಿಕಾರ ನಂದು, ಓದ್ಕೋ ಅಲ್ಲಿ. ಹೋಗು, ಮಲಕ್ಕೋ. ನಿನ್ನ ಜೊತೆಗಾರನೂ ಹೋಗ್ಲಿ, ನಿನ್ನ ಬಿಟ್ಟು ಬರಕ್ಕೆ.”

ನಾವೆಲ್ಲ ಕೈ ಕೆಲಸ ನಿಲ್ಲಿಸಿ ನೋಡುತ್ತಿದ್ದೇವೆ. ಮಿಷನ್ನಣ್ಣ ಬೋರ್ಡು ನೋಡಿದ, ಅವಳನ್ನು ನೋಡಿದ. ಮೆಲ್ಲಗೆ ಏಪ್ರನ್ ಬಿಚ್ಚಿದ. ಬಾಗಿಲವರೆಗೆ ಹೋದವನು ಏನೋ ಹೊಳೆದ ಹಾಗೆ ತಿರುಗಿ ನಿಂತು ನನ್ನ ಕಡೆ ನೋಡಿದ. ಆ ಜ್ವರದಲ್ಲೂ ನಗು ಬಂತು ಮಾರಾಯನಿಗೆ.

“ಅಕ್ಕಾ, ಹಾಗಾದ್ರೆ ನಾನು ನಿಮ್ಮ ಸೂಪರ್‌ವೈಸರ್ ಅಲ್ವಾ? ನೀವಿಬ್ರೂ ಮನೆಗೆ ಹೋಗಿ. ಅಣ್ಣ ಕಾಯ್ತಿರ್ತಾರೆ.”

ಮಗಳೇ, ನಾನು ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಎಳೆದೆ. ಆಮೇಲೆ ಜಡ್ಜಮ್ಮನ ಕಡೆ ತಿರುಗಿದೆ. ಅವಳು ಮತ್ತೆ ಮಡಿಸಲು ಕೂತಿದ್ದಳು. “ಏಳೇ ಮೇಲೆ. ನಾನು ನಿನ್ನ ಸೂಪರ್‌ವೈಸರ್. ಇಬ್ರೂ ಮನೆಗೆ ನಡೀರಿ” ಅಂದೆ.

“ಅಯ್ಯೋ, ಇದನ್ನ ಯಾರು ಮಡಿಸ್ತಾರೆ?”

“ಎದುರು ಮಾತಾಡ್ತೀಯಾ? ಮೇಲಿನವರು ಹೇಳಿದ್ದನ್ನ ಕೇಳಬೇಕು!”

ಕೇಳಿದಳು. ಮೇಲಿನವರ ಮಾತು ಅವಳು ಯಾವತ್ತೂ ಮೀರಿಲ್ಲ. ಬಾಯ್ಲರ್ ಆರಿಸಿ, ದೀಪ ಆರಿಸಿ, ಬೀಗದ ಕೈಯನ್ನು ವಾಚ್‌ಮನ್‌ಗೆ ಕೊಟ್ಟು ಆರೂ ಜನ ಬೀದಿಗೆ ಬಂದೆವು. ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಕೆಲಸ ಬಿಟ್ಟು ಬಂದಾಗ ನನ್ನ ನೆರಳನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಇವತ್ತು ಬೆಳಿಗ್ಗೆ ದೊಡ್ಡ ರಂಪ. ಮಿಷನ್‌ನೊಳಗೆ ಒದ್ದೆ ಚಾದರಗಳು ರಾತ್ರಿಯಿಡೀ ಕೂತು ವಾಸನೆ ಬಂದಿದ್ದವು. ಲಾಡ್ಜಿನವರು ಮಾಲೀಕನಿಗೆ ಬಾಯಿಗೆ ಬಂದ ಹಾಗೆ ಬಯ್ದಿದ್ದರು. ಅಂಗಿಯ ಗಂಜಿಯೆಲ್ಲ ಬಿಟ್ಟುಹೋಗುವಷ್ಟು ಬೆವರಿದ್ದ. “ಯಾರನ್ನ ಕೇಳಿ ಹೋದ್ರಿ?” ಅಂತ ನನ್ನ ಮೇಲೆ ಎಗರಿದ. “ನನ್ನ ಸೂಪರ್‌ವೈಸರ್ ಕಳಿಸಿದ್ರು” ಅಂದು ಮಿಷನ್ನಣ್ಣನನ್ನು ತೋರಿಸಿದೆ. ಅವನು ಜಡ್ಜಮ್ಮನನ್ನು ತೋರಿಸಿದ. ಜಡ್ಜಮ್ಮ ನನ್ನನ್ನು ತೋರಿಸಿದಳು. ಮನುಷ್ಯ ಒಂದು ಸುತ್ತು ತಿರುಗಿದ.

“ಈ ಬೋರ್ಡು ಬರೀ ತೋರಿಸಕ್ಕೆ! ಅಷ್ಟೂ ತಿಳಿಯಲ್ವಾ?” ಅಂತ ಕಿರುಚಿ ಬೋರ್ಡಿಗೆ ಕೈ ಹಾಕಿದ.

“ತೆಗೀರಿ ಸ್ವಾಮಿ, ಧಾರಾಳವಾಗಿ ತೆಗೀರಿ” ಅಂದೆ ನಾನು. “ತೆಗೆದ್ರೆ ನಾವು ಸೂಪರ್‌ವೈಸರ್ ಅಲ್ಲ. ಅಲ್ಲ ಅಂದ್ರೆ ಓಟಿ ಕೊಡಿ. ಇದು ನನ್ನ ಮಾತಲ್ಲ, ಸಭೇಲಿ ಮೇಡಂ ಹೇಳಿದ್ದಂತೆ. ಅಷ್ಟು ಹೊತ್ತಿಗೆ ನಿಮಗೆ ನಿದ್ದೆ ಬಂದಿತ್ತೇನೋ.”

ಕೈ ಬೋರ್ಡಿನ ಮೇಲೆಯೇ ನಿಂತಿತು. ತೆಗೆಯಲೂ ಆಗದು, ಬಿಡಲೂ ಆಗದು. “ನಿಮ್ಮನ್ನೆಲ್ಲ ಕಿತ್ತು ಹಾಕ್ತೀನಿ. ಇರಿ, ಆ ಕಚೇರಿಗೇ ಫೋನ್ ಮಾಡ್ತೀನಿ” ಅಂದ. ಮಾಡುತ್ತಾನೆ. ನಿನ್ನ ಕಿವಿಗೂ ಬರುತ್ತದೆ. ನೀನೇನು ಹೇಳುತ್ತೀಯೋ ನನಗೆ ತಿಳಿಯದು. ಬೇಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಜಡ್ಜಮ್ಮನ ಕೆಲಸ ಹೋದರೆ ಅವಳಿಗೆ ಯಾರೂ ಇಲ್ಲ, ಅಷ್ಟು ಮಾತ್ರ ನಿನಗೆ ಗೊತ್ತಿರಲಿ.

ನಿನ್ನೆ ಬೆಳಕಿರುವಾಗಲೇ ಮನೆಗೆ ಬಂದೆನಲ್ಲ, ನಿಮ್ಮಪ್ಪ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಹೆದರಿಬಿಟ್ಟರು, ಯಾರೋ ಸತ್ತಿದ್ದಾರೆ ಅಂತ.

ಅಮ್ಮ


ಅಕ್ಟೋಬರ್ ೧೧

ಅಮ್ಮಾ,

ಫೋನು ಬಂತು. ದೊಡ್ಡ ಸಾಹೇಬರು ನನ್ನನ್ನು ಕರೆದು, “ನಿನ್ನ ಸಭೆಯ ಗಿರಾಕಿ, ನೀನೇ ಮಾತಾಡು” ಎಂದು ಸ್ಪೀಕರ್ ಹಾಕಿದರು. ಆ ಧ್ವನಿ ನನಗೆ ಗೊತ್ತಾಗದೆ ಇರುತ್ತದೆಯೇ? ಅವನಿಗೆ ಮಾತ್ರ ಬಟ್ಟೆ ಮೂಟೆಯ ಮೇಲೆ ಕೂರುತ್ತಿದ್ದ ಹುಡುಗಿ ನೆನಪಿಲ್ಲ, ನಾನು ಯಾರ ಮಗಳೆಂದು ಗೊತ್ತಿಲ್ಲ.

“ಮೇಡಂ, ಹುಚ್ಚರ ಸಂತೆ ಆಗಿಹೋಗಿದೆ. ಅಧಿಕಾರ ಇಲ್ಲದ ಸೂಪರ್‌ವೈಸರ್ ಮಾಡೋದು ಹೇಗೆ, ಅದೊಂದು ಹೇಳ್ಕೊಡಿ.”

ಸಾಹೇಬರು ಪಿಸುಗುಟ್ಟಿದರು, “‘ಮಾಲೀಕರ ಒಪ್ಪಿಗೆ ಪಡೆದು’ ಅಂತ ಬೋರ್ಡಿಗೆ ಒಂದು ಮಾತು ಸೇರಿಸೋಕೆ ಹೇಳು, ಮುಗೀತು.” ಇಷ್ಟು ದಿನ ಇಂಥ ಮಾತುಗಳನ್ನು ನಾನೇ ಸೇರಿಸಿಕೊಟ್ಟಿದ್ದೇನೆ ಅಮ್ಮಾ, ಬೇರೆ ಊರುಗಳಲ್ಲಿ, ನನಗೆ ಮುಖ ಗೊತ್ತಿಲ್ಲದ ಜನರಿಗೆ. ಆ ಹೊತ್ತಿನಲ್ಲಿ ಬೆತ್ತದ ಕುರ್ಚಿ ಕಣ್ಣ ಮುಂದೆ ಬಂತು.

“ಅದು ಆಗಲ್ಲ ಸರ್” ಅಂದೆ. “ಒಪ್ಪಿಗೆ ಕೇಳ್ಬೇಕು ಅಂತ ಬರೆದ ದಿನ ಅವರು ಸೂಪರ್‌ವೈಸರ್‌ಗಳಲ್ಲ. ಆಗಸ್ಟ್ ಒಂದರಿಂದ ಇವತ್ತಿನವರೆಗೆ ದುಪ್ಪಟ್ಟು ಓಟಿ ಕೊಡ್ಬೇಕಾಗುತ್ತೆ. ಮನೆಗೆ ಹೋದ್ರು ಅಂತ ಅವರನ್ನ ಕೆಲಸದಿಂದ ತೆಗೆದ್ರೆ, ನೀವು ಬರೆಸಿದ ಬೋರ್ಡೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತೆ.”

“ಹಾಗಾದ್ರೆ ದಾರೀನೇ ಇಲ್ವಾ?”

“ಇದೆಯಲ್ಲ. ಐದು ಗಂಟೆಗೆ ಎಲ್ಲರನ್ನೂ ಮನೆಗೆ ಕಳಿಸಿ. ಒಂದು ಕಾಸೂ ಖರ್ಚಿಲ್ಲ.”

ಆ ಕಡೆ ಫೋನು ಇಟ್ಟ ಸದ್ದು. ಈ ಕಡೆ ಸಾಹೇಬರ ಮುಖ ಕೆಂಪಗೆ. “ಮಾಲೀಕರನ್ನ ಸಿದ್ಧ ಮಾಡಕ್ಕೆ ನಿನಗೆ ಸಂಬಳ ಕೊಡ್ತಿರೋದು, ಹೆದರಿಸಕ್ಕಲ್ಲ” ಎಂದರು. “ಸಿದ್ಧ ಮಾಡಿದೆನಲ್ಲ ಸರ್, ಇನ್ನು ಮುಂದೆ ಅವರು ಎಲ್ಲಕ್ಕೂ ಸಿದ್ಧವಾಗಿರ್ತಾರೆ” ಎಂದೆ. ಬಾಯಿ ನಿನ್ನದೇ, ಏನು ಮಾಡಲಿ.

ಸಭೆಗಳಿಂದ ನನ್ನನ್ನು ತೆಗೆದಿದ್ದಾರೆ. ಹಿಂದಿನ ಕೋಣೆಯಲ್ಲಿ ಒಂದು ಮೇಜು ಕೊಟ್ಟಿದ್ದಾರೆ, ಕಿಟಕಿ ಇಲ್ಲ. ಅದಕ್ಕೇನೂ ನೀನು ಚಿಂತೆ ಮಾಡಬೇಡ. ಎಲ್ಲಿಯವರೆಗೆ ಇಟ್ಟುಕೊಳ್ಳುತ್ತಾರೋ ನೋಡೋಣ.

ಅಪ್ಪ ಈಗ ಏನಾದರೂ ಮಾತಾಡುತ್ತಾರಾ? ಏನಾದರೂ ಹೇಳಿದರಾ?

ನಿನ್ನ ಮಗಳು


ನವೆಂಬರ್ ೬

ನನ್ನ ಕಂದಾ,

ಬೋರ್ಡು ಹೋಯಿತು. ಬಿಲ್ಲೆಗಳನ್ನೂ ವಾಪಸು ಇಸಿದುಕೊಂಡ. ಜಡ್ಜಮ್ಮ ಕೊಡುವಾಗ ಅತ್ತಳು, ಪಾಪ. “ನಾನು ಚೆನ್ನಾಗೇ ನೋಡ್ಕೊಂಡಿದ್ನಲ್ಲ” ಅಂದಳು. ನಮ್ಮೆಲ್ಲರಿಗಿಂತ ಅವಳೊಬ್ಬಳೇ ನಿಜವಾದ ಸೂಪರ್‌ವೈಸರ್ ಆಗಿದ್ದಳು. ಎರಡು ತಿಂಗಳ ಓಟಿಯನ್ನು ಕಂತಿನಲ್ಲಿ ಕೊಡುತ್ತೇನೆ ಅಂದಿದ್ದಾನೆ. ಮುಖ ಹುಳಿ ಮಾಡಿಕೊಂಡೇ ಅಂದ. ಕೊಡದಿದ್ದರೆ ಇನ್‌ಸ್ಪೆಕ್ಟರ್ ಮನೆ ಎಲ್ಲಿದೆ ಅಂತ ಜಡ್ಜಮ್ಮ ಈಗಾಗಲೇ ವಿಚಾರಿಸಿಟ್ಟಿದ್ದಾಳೆ. ಐದಕ್ಕೆ ಬೆಲ್ಲು ಹೊಡೆಯುತ್ತದೆ. ವ್ಯಾನಿನವನಿಗೆ ‘ನಾಳೆ’ ಅನ್ನುವುದನ್ನು ಗಂಜಿ ಅಂಗಿ ಕೊನೆಗೂ ಕಲಿತ.

ಈಗ ನಿಮ್ಮಪ್ಪನ ವಿಷಯ. ನಿಧಾನವಾಗಿ ಓದು.

ಮಾತು ಕಲಿಸುವ ಮೇಡಂ ಹೇಳಿದಳು, ಜೀವನವಿಡೀ ಹೇಳಿ ಹೇಳಿ ರೂಢಿಯಾದ ಮಾತುಗಳು ಮೊದಲು ಬರುತ್ತವೆ ಅಂತ. ಹಾಗಾದರೆ ಹರಾಜು, ಅಂದುಕೊಂಡೆ. ದಿನಾ ಸಂಜೆ ಮನೆಯ ಸಾಮಾನನ್ನೆಲ್ಲ ಒಂದೊಂದಾಗಿ ಅವರ ಮುಂದೆ ಹಿಡಿದು ಹರಾಜು ಶುರು ಮಾಡಿದೆ. ಲೋಟ, ಸೌಟು, ಕೊಡೆ. “ಒಂದನೇ ಸಲ…” ಅಂತ ನಾನು ಅನ್ನುವುದು, ಮುಂದಿನದಕ್ಕೆ ಕಾಯುವುದು. ಮೊದಲ ವಾರ ಬರೀ ತುಟಿ ಅಲ್ಲಾಡಿತು. ಆಮೇಲೊಂದು ದಿನ ಕೊಡೆ ಹಿಡಿದಾಗ, “ಎ…ರಡು” ಅಂದರು! ಪಕ್ಕದ ಮನೆಯವಳು ಓಡಿ ಬರುವ ಹಾಗೆ ನಾನು ಕಿರುಚಿದೆ. ಈಗ ಮೂರನೇ ಸಲದವರೆಗೂ ಹೇಳುತ್ತಾರೆ. ನನ್ನ ಹಳೇ ಚಪ್ಪಲಿಯನ್ನು ಮೊನ್ನೆ ಪಕ್ಕದ ಮನೆಯವಳಿಗೆ ಮಾರಿಯೇಬಿಟ್ಟರು.

ನಿನ್ನೆ ಸಾಮಾನೆಲ್ಲ ಮುಗಿದಿತ್ತು. ಉಳಿದದ್ದು ಆ ಬೆತ್ತದ ಕುರ್ಚಿ. ತಮಾಷೆಗೆ ಅದನ್ನು ಎಳೆದು ನಡುವೆ ಇಟ್ಟು, “ಕುರ್ಚಿ! ಒಂದನೇ ಸಲ…” ಅಂದೆ. ಎಡಗೈ ಅಡ್ಡ ಹಿಡಿದರು. “ಎರಡನೇ ಸಲ…” ಅಂದೆ. ಅವರ ಮುಖ ಕೆಂಪಾಯಿತು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕತ್ತಿನ ನರಗಳು ಉಬ್ಬಿದವು.

“ಇಲ್ಲ! ಮಗು… ಬಂದಿದ್ಲು. ಮಗು… ಕೂತಿದ್ಲು.”

ಯಾವ ಮಗು ಅಂದೆ. ಅಂಗಿ ಹಿಡಿದು ತೋರಿಸಿದರು. ತಲೆ ಬಾಚಿದ ಹಾಗೆ ಕೈ ಆಡಿಸಿದರು. ಮೇಲೆ ಹಳೇ ಸ್ವಿಚ್ಚಿದ್ದ ಜಾಗ ತೋರಿಸಿದರು. ಗಡಿಯಾರ ತೋರಿಸಿದರು. ಆಮೇಲೆ ನನ್ನ ಕಡೆ ಕೈ ಮಾಡಿ, ಇಲ್ಲ, ಇಲ್ಲ ಅಂತ ತಲೆ ಆಡಿಸಿದರು.

ನೀನು ಬಂದಿದ್ದೆ. ಸಭೆ ಮುಗಿಸಿ ನೇರ ಮನೆಗೇ ಬಂದಿದ್ದೆ. ಅವರು ಕತ್ತಲಲ್ಲಿ ಒಬ್ಬರೇ ಕೂತಿದ್ದರು, ದೀಪ ಎಟುಕದೆ. ನೀನು ಅವರ ಅಂಗಿ ಬದಲಾಯಿಸಿದೆ, ತಲೆ ಬಾಚಿದೆ, ನಾನು ಬರುತ್ತೇನೆ ಅಂತ ಆ ಕುರ್ಚಿಯಲ್ಲಿ ಕೂತು ಕಾದೆ. ಕಾರಿನವನು ಹಾರ್ನ್ ಹೊಡೆಯುವವರೆಗೂ ಕಾದಿರುತ್ತೀಯ, ನನಗೆ ಗೊತ್ತು. ನಾನು ಆ ಹೊತ್ತಿನಲ್ಲಿ ಯಾವನೋ ಮಲಗಿ ಎದ್ದ ಹೊದಿಕೆಗೆ ಇಸ್ತ್ರಿ ಹಾಕುತ್ತಿದ್ದೆ. ನಿನ್ನ ಸಭೆಗೆ ಬಂದವನೇ ಅಲ್ಲವೇ ನನ್ನನ್ನು ಅಲ್ಲಿ ನಿಲ್ಲಿಸಿ ಬಂದದ್ದು! ಹಾಳಾದವನು.

ಮತ್ತೆ ನೀನು! ಅಷ್ಟು ಕೆಟ್ಟ ಕಾಗದ ಬರೆದೆನಲ್ಲ ನಾನು, ಹೆತ್ತವಳೇ ಇವಳು ಅಂತ. ‘ಬಂದಿದ್ದೆ ಅಮ್ಮಾ’ ಅಂತ ಎರಡು ಮಾತು ಬರೆಯಲು ನಿನಗೇನು ರೋಗ? ಹೇಳಿದರೆ ಅಪ್ಪ ಕತ್ತಲಲ್ಲಿ ಕೂತಿದ್ದರು ಅಂತಲೂ ಹೇಳಬೇಕಾಗುತ್ತದೆ, ಅಮ್ಮ ಕೊರಗುತ್ತಾಳೆ, ಅದಕ್ಕೇ ತಾನೇ? ಸ್ವಿಚ್ಚು ಕೆಳಗೆ ಹಾಕಿಸು ಅಂತ ಮಾತ್ರ ಬರೆದೆ. ನನ್ನ ಕೊರಗನ್ನು ಕಾಯಲು ನಿನಗೆ ಯಾರು ಹೇಳಿದರು? ಇನ್ನೊಮ್ಮೆ ಹೀಗೆ ಬಾಯಿ ಮುಚ್ಚಿಕೊಂಡರೆ ನೋಡು. ಈ ಮನೆಯಲ್ಲಿ ಮಾತಾಡಲಾಗದವರು ಒಬ್ಬರು ಸಾಕು. ಅವರೂ ಈಗ ಮಾತಾಡುತ್ತಿದ್ದಾರೆ.

ಬಾ. ಕಿಟಕಿ ಇಲ್ಲದ ಮೇಜಿಗೆ ಎರಡು ದಿನ ರಜೆ ಹಾಕಿ ಬಾ. ಐದೂವರೆಗೆಲ್ಲ ನಾನು ಮನೆಯಲ್ಲಿರುತ್ತೇನೆ. ಮನೆಯ ಸಾಮಾನೆಲ್ಲ ದಿನಾ ಸಂಜೆ ಹರಾಜಾಗುತ್ತಿದೆ. ಆ ಕುರ್ಚಿಯನ್ನು ಮಾತ್ರ ನಿಮ್ಮಪ್ಪ ಕೊಡುತ್ತಿಲ್ಲ.

ನಿನ್ನ ಅಮ್ಮ